ನಡುಕವನ್ನಷ್ಟೇ ಅಳೆದರೆ ಸಾಲದು

ಒಳ್ಳೆಯ ಸರ್ಜನ್ನರನ್ನು ಹೊಗಳುವಾಗ ‘ಕೈ ಒಂಚೂರೂ ನಡುಗುವುದಿಲ್ಲ’ ಎನ್ನುತ್ತೇವೆ. ಸೂಕ್ಷ್ಮ ಶಸ್ತ್ರಚಿಕಿತ್ಸೆಯ ಹೊಸ ಉಪಕರಣಗಳನ್ನು ತೂಗುವುದೂ ಇದೇ ತಕ್ಕಡಿಯಲ್ಲಿ: ನಡುಕ ನಿಂತರೆ ಗೆದ್ದಂತೆ. ಈ ತಕ್ಕಡಿಯೇ ಸರಿಯಿಲ್ಲ ಎಂಬುದು ನನ್ನ ವಾದ.

ನಡುಗದ ಕೈ ಎಂಬುದೇ ಇಲ್ಲ. ಆರೋಗ್ಯವಂತರ ಕೈಯೂ ಸೆಕೆಂಡಿಗೆ 8ರಿಂದ 12 ಸಲ ತನ್ನಷ್ಟಕ್ಕೆ ಕಂಪಿಸುತ್ತಿರುತ್ತದೆ. ರೆಟಿನಾದ ಮೇಲಿಂದ ಸುಲಿದು ತೆಗೆಯುವ ಒಳಪೊರೆ ಕೆಲವೇ ಮೈಕ್ರಾನ್ ದಪ್ಪವಿರುವಾಗ ಆ ಕಂಪನ ಸಣ್ಣದಲ್ಲ, ನಿಜ. ಆದರೆ ಅದಕ್ಕೊಂದು ಲಯವಿದೆ. ಲಯ ಸಿಕ್ಕರೆ ಮುಂದಿನ ಚಲನೆಯನ್ನು ಊಹಿಸಬಹುದು, ಎದುರು ಚಲನೆಯಿಂದ ಅಳಿಸಲೂಬಹುದು. ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಕ್ಯಾಮರಾನ್ ರಿವಿಯರ್ ತಂಡ ರೂಪಿಸಿದ ‘ಮೈಕ್ರಾನ್’ ಎಂಬ ಕೈ ಉಪಕರಣ ತನ್ನ ತುದಿಯನ್ನು ಹಾಗೆಯೇ ನಡುಕದ ವಿರುದ್ಧ ದಿಕ್ಕಿಗೆ ಸರಿಸುತ್ತದೆ.

ಕಷ್ಟದ ಶತ್ರು ಬೇರೆ ಇದೆ. ಸರ್ಜನ್ನರ ಅರಿವಿಗೆ ಬಾರದೆ ಕೈ ಮೆಲ್ಲಮೆಲ್ಲಗೆ ಜಾರುತ್ತದೆ. ಈ ಜಾರುವಿಕೆಗೆ ಲಯವಿಲ್ಲ. ಬೇಕೆಂದೇ ಮಾಡಿದ ನಿಧಾನ ಚಲನೆಗೂ ಇದಕ್ಕೂ ಹೊರನೋಟಕ್ಕೆ ವ್ಯತ್ಯಾಸವೇ ಕಾಣದು. ಹಿಡಿಕೆಯೊಳಗೆ ಆಕ್ಸಿಲರೋಮೀಟರ್ ಕೂರಿಸಿದರೆ ಸಾಕು ಎನ್ನುವವರು ಇಲ್ಲಿಯೇ ಎಡವುತ್ತಾರೆ. ಅದು ಅಳೆಯುವುದು ವೇಗೋತ್ಕರ್ಷವನ್ನು, ಸ್ಥಾನವನ್ನಲ್ಲ. ಸ್ಥಾನ ಬೇಕಾದರೆ ಅದನ್ನು ಎರಡು ಬಾರಿ ಅನುಕಲಿಸಬೇಕು. ಆಗ ಎಳ್ಳಷ್ಟು ತಪ್ಪೂ ಕ್ಷಣಕ್ಷಣಕ್ಕೆ ಬೆಳೆಯುತ್ತದೆ. ಉಪಕರಣ ತುಸು ವಾಲಿದರೂ ಗುರುತ್ವಬಲವನ್ನೇ ಚಲನೆಯೆಂದು ಲೆಕ್ಕ ಹಿಡಿಯುತ್ತದೆ. ವೇಗದ ನಡುಕವನ್ನು ಚೆನ್ನಾಗಿ ಹಿಡಿಯುವ ಈ ಸಂವೇದಕಕ್ಕೆ ನಿಧಾನದ ಜಾರುವಿಕೆ ಕಾಣುವುದಿಲ್ಲ. ರಿವಿಯರ್ ತಂಡ ಮುಂದೆ ಉಪಕರಣದ ಮೇಲಿನ ದೀಪಗಳನ್ನು ಹೊರಗಿನಿಂದ ಗುರುತಿಸುವ ಬೆಳಕಿನ ವಿಧಾನಕ್ಕೆ ಹೊರಳಿತು. ನಡುವೆ ಏನಾದರೂ ಅಡ್ಡಬಂದರೆ ಅದೂ ಕುರುಡೇ, ಆದರೂ ನಾನು ಮೆಚ್ಚುವುದು ಆ ದಾರಿಯನ್ನೇ: ಅದು ಸ್ಥಾನವನ್ನು ನೇರವಾಗಿ ಅಳೆಯುತ್ತದೆ.

ಅನುಭವಿ ಬೆರಳಿಗೆ ಎಲ್ಲವೂ ತಿಳಿಯುತ್ತದೆ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ರೆಟಿನಾದ ಮೇಲೆ ಬಿದ್ದ ಬಲಗಳ ಮುಕ್ಕಾಲು ಪಾಲು 7.5 ಮಿಲಿನ್ಯೂಟನ್‌ಗಿಂತ ಕಡಿಮೆಯಿತ್ತು. ಬಹುತೇಕ ಸ್ಪರ್ಶಗಳು ಸರ್ಜನ್ನರ ಬೆರಳಿಗೆ ಗೊತ್ತೇ ಆಗಲಿಲ್ಲ. ಅಷ್ಟು ಹಗುರವಾದ ಕೆಲಸದಲ್ಲಿ ಕೈಯನ್ನು ತಿದ್ದುವುದು ಸೂಕ್ಷ್ಮದರ್ಶಕದಲ್ಲಿ ನೆಟ್ಟ ಕಣ್ಣು. ಜಾರುವಿಕೆ ಕಣ್ಣಿಗೂ ತಡವಾಗಿ ಕಂಡರೆ ರೆಟಿನಾ ಅಷ್ಟರಲ್ಲೇ ಹರಿದಿರಬಹುದು.

ಆದ್ದರಿಂದ ಉಪಕರಣ ತಯಾರಿಸುವವರು ನಡುಕ ಎಷ್ಟು ತಗ್ಗಿತು ಎಂಬ ಅಂಕಿಯ ಪಕ್ಕದಲ್ಲೇ ಜಾರುವಿಕೆ ಎಷ್ಟು ಉಳಿಯಿತು ಎಂಬುದನ್ನೂ ಬರೆಯಲಿ. ಅದಿಲ್ಲದ ಪರೀಕ್ಷಾ ವರದಿಯನ್ನು ನೇತ್ರತಜ್ಞರು ಒಪ್ಪಬಾರದು.