"ಜೀವ ಉಳೀತಲ್ಲ" ಎನ್ನುವ ಮಾತು

ಸುಟ್ಟಗಾಯದ ವಾರ್ಡಿನಿಂದ ಮನೆಗೆ ಬಂದ ನಮ್ಮ ದೂರದ ಸಂಬಂಧಿ ಹೆಣ್ಣುಮಗಳಿಗೆ ಅವಳ ಅತ್ತೆ ಹೇಳಿದ್ದು ನನಗಿನ್ನೂ ನೆನಪಿದೆ: "ಜೀವ ಉಳೀತಲ್ಲಮ್ಮ, ಅದೇ ದೊಡ್ಡದು. ಎರಡು ಮಕ್ಕಳ ತಾಯಿ, ಇನ್ನು ಪ್ಲಾಸ್ಟಿಕ್ ಸರ್ಜರಿ ಮಾಡಿಸ್ಕೊಂಡು ಯಾರಿಗೆ ಚಂದ ಕಾಣ್ಬೇಕು?" ಅತ್ತೆ ಕೆಟ್ಟವರಲ್ಲ. ಎರಡು ತಿಂಗಳು ಆಸ್ಪತ್ರೆಯ ನೆಲದ ಮೇಲೆ ಚಾಪೆ ಹಾಸಿ ಮಲಗಿ ಸೊಸೆಯನ್ನು ನೋಡಿಕೊಂಡವರು. ಊರೆಲ್ಲ ನಂಬಿದ್ದನ್ನೇ ಅವರೂ ಹೇಳಿದರು. ಆದರೆ ಊರು ನಂಬಿರುವುದು ತಪ್ಪು.

ಸೊಸೆಗೆ ಸುಟ್ಟಿದ್ದು ಕುತ್ತಿಗೆ ಮತ್ತು ಎದೆ. ತೊಡೆಯಿಂದ ತೆಳ್ಳಗೆ ಹೆರೆದು ತೆಗೆದ ಚರ್ಮ ಹಾಕಿ ಗಾಯ ಮುಚ್ಚಿದರು. ಗ್ರಾಫ್ಟ್ ಹಿಡಿಯಿತು, ಡಿಸ್ಚಾರ್ಜ್ ಆಯಿತು. ಆರು ತಿಂಗಳು ಕಳೆಯುವಷ್ಟರಲ್ಲಿ ಆ ಚರ್ಮ ಸೆಳೆದುಕೊಂಡು ಗದ್ದ ಎದೆಗೆ ಅಂಟಿತ್ತು. ಕೆಳತುಟಿ ಹೊರಕ್ಕೆ ಮಗುಚಿ ಜೊಲ್ಲು ನಿಲ್ಲುತ್ತಿರಲಿಲ್ಲ. ಆ ಮನೆಯಲ್ಲಿ ಲೋಟ ಕಚ್ಚಿ ಕುಡಿಯುವ ರೂಢಿಯಿಲ್ಲ, ಎಲ್ಲರೂ ಎತ್ತಿ ಕುಡಿಯುವವರು. ಇವಳು ಗೋಡೆಯ ಕಡೆ ತಿರುಗಿ ಚಮಚದಲ್ಲಿ ಕುಡಿಯುತ್ತಿದ್ದಳು. ಬಸ್ಸಿನ ಬೋರ್ಡು ಓದಬೇಕೆಂದರೆ ಸೊಂಟದಿಂದಲೇ ಹಿಂದಕ್ಕೆ ಬಾಗಬೇಕು. ಕುತ್ತಿಗೆ ಹೀಗೆ ಬಿಗಿದವರಿಗೆ ಮುಂದೆ ಯಾವ ಆಪರೇಷನ್ ಮಾಡುವುದಿದ್ದರೂ ಉಸಿರಿನ ಕೊಳವೆ ಇಳಿಸುವುದೇ ಅರಿವಳಿಕೆ ವೈದ್ಯರಿಗೆ ದೊಡ್ಡ ಕಷ್ಟ. ಇದರಲ್ಲಿ ಚಂದದ ಪ್ರಶ್ನೆ ಎಲ್ಲಿಂದ ಬಂತು?

ಗ್ರಾಫ್ಟ್‌ಗೆ ತನ್ನದೇ ರಕ್ತನಾಳವಿಲ್ಲ. ಹಾಸಿದ ಜಾಗದಿಂದಲೇ ರಕ್ತ ಹೀರಿ ಬದುಕಬೇಕು. ತೆಳ್ಳಗಿದ್ದಷ್ಟೂ ಬೇಗ ಹಿಡಿಯುತ್ತದೆ, ಹಿಡಿದ ಮೇಲೆ ಅಷ್ಟೇ ಹೆಚ್ಚು ಕುಗ್ಗುತ್ತದೆ. ಗಾಯ ಮುಚ್ಚುವ ಇನ್ನೊಂದು ದಾರಿಯಾದ ಫ್ಲ್ಯಾಪ್ ಹಾಗಲ್ಲ: ಚರ್ಮ, ಅದರಡಿಯ ಕೊಬ್ಬು, ಅವಕ್ಕೆ ರಕ್ತ ತರುವ ನಾಳ ಎಲ್ಲವೂ ಒಟ್ಟಿಗೇ ಬರುತ್ತವೆ. ಈ ವಿದ್ಯೆ ನಮಗೆ ಹೊರಗಿನದೂ ಅಲ್ಲ. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೇನೆಗೆ ಸೆರೆಸಿಕ್ಕು ಮೂಗು ಕಳೆದುಕೊಂಡ ಗಾಡಿ ಹೊಡೆಯುವ ಕಾವಸ್ಜಿಗೆ ಪುಣೆಯ ಕಡೆಯವರೊಬ್ಬರು ಹಣೆಯ ಚರ್ಮವನ್ನು ಹುಬ್ಬುಗಳ ನಡುವೆ ತೊಟ್ಟು ಉಳಿಸಿಕೊಂಡು ಕೆಳಗಿಳಿಸಿ ಹೊಸ ಮೂಗು ಕಟ್ಟಿದ್ದನ್ನು 1794ರಲ್ಲಿ ಲಂಡನ್ನಿನ ಪತ್ರಿಕೆ ಅಚ್ಚು ಮಾಡಿತು. ಮೈಕ್ರೋಸರ್ಜರಿ ಮಾಡಿದ್ದು ಮುಂದಿನ ಹೆಜ್ಜೆ: ಆ ತೊಟ್ಟನ್ನೂ ಕತ್ತರಿಸಿ, ದೂರದ ಇನ್ನೊಂದು ರಕ್ತನಾಳಕ್ಕೆ ಹೊಲಿಯುವುದು. 1973ರಲ್ಲಿ ಮೆಲ್ಬರ್ನಿನಲ್ಲಿ ಡೇನಿಯಲ್ ಮತ್ತು ಟೇಲರ್ ಎಂಬ ವೈದ್ಯರು ತೊಡೆಸಂದಿನ ಚರ್ಮವನ್ನು ಹೀಗೆ ಕಾಲಿಗೆ ಕೂಡಿಸಿದರು. ನಾಳದ ಅಗಲ ಒಂದೆರಡು ಮಿಲಿಮೀಟರು, ಹೊಲಿಯುವ ದಾರ ಕೂದಲಿಗಿಂತ ಸಣ್ಣದು.

ಊರಿನ ನಂಬಿಕೆಗೆ ವೈದ್ಯಕೀಯದಲ್ಲೂ ಒಂದು ಜೋಡಿಯಿದೆ. ಮೊದಲು ಸುಲಭದ್ದು ಮಾಡು, ಅದು ಸೋತರೆ ಮೇಲಿನ ಮೆಟ್ಟಿಲು ಹತ್ತು ಎನ್ನುವ ಏಣಿಯ ಪಾಠ. ಅದರಲ್ಲಿ ಹೀಗೆ ದೂರದಿಂದ ತಂದು ಹೊಲಿಯುವ ಫ್ಲ್ಯಾಪ್ ಕಟ್ಟಕಡೆಯ ಮೆಟ್ಟಿಲು. ಗಾಟ್‌ಲೀಬ್ ಮತ್ತು ಕ್ರೀಗರ್ ಎಂಬ ವೈದ್ಯರು 1994ರಲ್ಲೇ ಏಣಿ ಬಿಟ್ಟು ಲಿಫ್ಟ್ ಹಿಡಿಯಿರಿ ಎಂದರು. ಯಾವ ಮಹಡಿ ಬೇಕೋ ನೇರ ಅಲ್ಲಿಗೇ ಹೋಗಿ ಎಂದು. ಹೈ ಟೆನ್ಷನ್ ತಂತಿ ತಗುಲಿದ ಲೈನ್‌ಮನ್‌ನ ಮಣಿಕಟ್ಟನ್ನು ನೋಡಿದರೆ ಇದು ಅರ್ಥವಾಗುತ್ತದೆ. ಹೊರಗೆ ಕಾಣುವ ಗಾಯ ಅಂಗೈಯಷ್ಟು ಇರಬಹುದು, ಒಳಗೆ ನರ, ಸ್ನಾಯುರಜ್ಜು, ಮೂಳೆ ಬಯಲಾಗಿರುತ್ತವೆ. ಪೊರೆ ಹೋದ ಮೂಳೆಯ ಮೇಲೆ ಗ್ರಾಫ್ಟ್ ಹಿಡಿಯುವುದಿಲ್ಲ. ಅಲ್ಲಿ ಸುಲಭದ್ದನ್ನು ಮೊದಲು ಪ್ರಯತ್ನಿಸಿ ಕಾಯುವುದೆಂದರೆ, ಉಳಿಸಬಹುದಾಗಿದ್ದ ಕೈಯನ್ನು ದಿನದಿನಕ್ಕೆ ಕಳೆದುಕೊಳ್ಳುವುದು.

ಗ್ರಾಫ್ಟನ್ನು ನಾನು ಹಳಿಯುತ್ತಿಲ್ಲ. ಅರ್ಧ ಮೈ ಸುಟ್ಟವರನ್ನು ಬದುಕಿಸುವುದೇ ಅದು; ಅಷ್ಟು ಗಾಯ ಮುಚ್ಚಲು ಫ್ಲ್ಯಾಪ್ ಎಲ್ಲಿಂದ ತರುವುದು? ಫ್ಲ್ಯಾಪ್ ಸೋಲುವುದೂ ಉಂಟು. ಎಂಟು ಗಂಟೆ ಓಟಿಯಲ್ಲಿ ಬೆವರು ಹರಿಸಿದ ಮೇಲೂ ಮೊದಲ ಎರಡು ಮೂರು ದಿನ ನರ್ಸ್ ಗಂಟೆಗೊಮ್ಮೆ ಬಂದು ಆ ಚರ್ಮವನ್ನು ಒತ್ತಿ, ಬಣ್ಣ ಮರಳುವುದನ್ನು ನೋಡುತ್ತಿರಬೇಕು. ಬಿಳಿಚಿದರೆ ರಕ್ತ ಬರುತ್ತಿಲ್ಲ, ನೇರಳೆಗೆ ತಿರುಗಿದರೆ ಬಂದ ರಕ್ತ ಹೋಗುತ್ತಿಲ್ಲ. ಎರಡರಲ್ಲಿ ಯಾವುದಾದರೂ ನಡುರಾತ್ರಿಯಲ್ಲೇ ಮತ್ತೆ ಓಟಿ. ಅಂಥ ನರ್ಸ್, ಅಂಥ ರಾತ್ರಿಪಾಳಿ ಇಲ್ಲದ ಕಡೆ ಮೈಕ್ರೋಸ್ಕೋಪ್ ಕೊಂಡರೆ ಉಪಯೋಗವಿಲ್ಲ. ಖರ್ಚೂ ಹೆಚ್ಚು, ನಿಜ. ಆದರೆ ಕುಗ್ಗುವ ಕುತ್ತಿಗೆಯನ್ನು ಮತ್ತೆ ಮತ್ತೆ ಬಿಡಿಸಿ ಗ್ರಾಫ್ಟ್ ಹಾಕುವ ಖರ್ಚನ್ನು, ಪ್ರತಿಸಲ ತಪ್ಪುವ ಕೂಲಿಯನ್ನು, ಜೊತೆಗೆ ಬಂದು ಚಾಪೆ ಹಾಸುವವರ ತಿಂಗಳುಗಳನ್ನು ಅದೇ ಲೆಕ್ಕದಲ್ಲಿ ಯಾರು ಬರೆಯುತ್ತಾರೆ?

ನಮ್ಮ ಹುಡುಗಿಗೆ ಫ್ಲ್ಯಾಪ್ ಸಿಕ್ಕಿದ್ದು ನಾಲ್ಕು ವರ್ಷದ ಮೇಲೆ, ಬೇರೆ ಊರಿನಲ್ಲಿ. ತೊಡೆಯ ಪಕ್ಕದಿಂದ ತೆಗೆದದ್ದು. ಮೊದಮೊದಲು ದಪ್ಪಗಿದೆ ಎಂದು ಬೇಸರಪಟ್ಟಳು, ಆಮೇಲೆ ಇನ್ನೊಂದು ಸಣ್ಣ ಆಪರೇಷನ್‌ನಲ್ಲಿ ಕೊಬ್ಬು ತೆಗೆದು ತೆಳುಮಾಡಿದರು. ಈಗ ಎತ್ತಿ ಕುಡಿಯುತ್ತಾಳೆ. ನನ್ನ ಸಂಕಟವೆಲ್ಲ ಆ ನಾಲ್ಕು ವರ್ಷಗಳದ್ದು. ಮೊದಲು ಸೇರಿದ್ದ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲಿ "ಗಾಯ ವಾಸಿಯಾಗಿದೆ" ಎಂದು ಒಂದು ಸಾಲಿತ್ತು. ಕತ್ತು ಎಷ್ಟು ಎತ್ತಬಲ್ಲಳು, ಯಾವ ತಿಂಗಳು ಮತ್ತೆ ತೋರಿಸಬೇಕು, ಚರ್ಮ ಸೆಳೆಯತೊಡಗಿದರೆ ಎಲ್ಲಿಗೆ ಹೋಗಬೇಕು ಎನ್ನುವ ಮೂರು ಸಾಲು ಅದರ ಕೆಳಗೆ ಬರೆಯುವಷ್ಟು ಜಾಗ ಖಾಲಿಯಿತ್ತು.