ತಲೆಕೆಳಗಾದ ಫೋಟೊ

ಕುಮಾರ ಪಾರ್ಕ್ ಪಶ್ಚಿಮದ ನಮ್ಮ ಪಕ್ಕದ ಮನೆ ಮೇಷ್ಟ್ರು ಅಮ್ಮನ 1974ರ ಮದುವೆ ಫೋಟೊವನ್ನು ಸ್ಕ್ಯಾನರ್ ಮೇಲೆ ಮಲಗಿಸಿದ್ದನ್ನು ನೋಡಬೇಕಿತ್ತು, ಕೂಸನ್ನು ತೊಟ್ಟಿಲಿಗೆ ಇಳಿಸಿದ ಹಾಗೆ. ಅದಕ್ಕೂ ಮೊದಲು ಗಾಜಿಗೆ ರಬ್ಬರ್ ಬುಡ್ಡೆಯಿಂದ ಗಾಳಿ; ಬಾಯಲ್ಲಿ ಊದಿದರೆ ಎಂಜಲು ಹಾರುತ್ತದಲ್ಲ!

ಆ ಕಾಲದ ರೇಷ್ಮೆ ಮೈಯ ಕಾಗದ. ಬೆಳಕು ಒಂದೇ ಕಡೆಯಿಂದ ಬಿದ್ದು ಪ್ರತಿ ಉಬ್ಬಿಗೂ ಪುಟಾಣಿ ನೆರಳು. ಅಮ್ಮನ ಕೆನ್ನೆ ತುಂಬ ಸಿಡುಬಿನ ಕಲೆಯಂತೆ. ಮೇಷ್ಟ್ರು 600 ಡಿಪಿಐನಲ್ಲಿ ಒಮ್ಮೆ ಸ್ಕ್ಯಾನ್ ಮಾಡಿ, ಫೋಟೊವನ್ನು 180 ಡಿಗ್ರಿ ತಿರುಗಿಸಿ ಮತ್ತೊಮ್ಮೆ ಮಾಡಿದರು. ಪರದೆಯಲ್ಲಿ ಎರಡನೆಯದನ್ನು ಮತ್ತೆ ನೇರಕ್ಕೆ ತಿರುಗಿಸಿ, ಎರಡನ್ನೂ ಕೂದಲೆಳೆಯೂ ತಪ್ಪದಂತೆ ಒಂದರ ಮೇಲೊಂದು ಕೂರಿಸಿ, ಮೇಲಿನದನ್ನು ಅರ್ಧ ಪಾರದರ್ಶಕ ಮಾಡಿದ್ದೇ ತಡ, ಎದುರುಬದುರಿನ ನೆರಳುಗಳು ಒಂದನ್ನೊಂದು ನುಂಗಿಕೊಂಡವು. ಮೂಗುಬೊಟ್ಟು ಮಿನುಗಿತು.

"ಇನ್ನು ತಿದ್ದೋಕೆ ಶುರು ಮಾಡ್ಬಹುದು" ಎಂದು ಮೇಷ್ಟ್ರು ಕನ್ನಡಕ ಒರೆಸಿಕೊಂಡರು.