ಗಂಡುಕರು ಎಲ್ಲಿ ಹೋಯಿತು?

ತೇಜಸ್ವಿಯವರನ್ನು ಓದಿದರೆ ಮನಸ್ಸು ಹಗುರಾಗುತ್ತದಂತೆ. ಪುಸ್ತಕ ಬಿಡುಗಡೆಯ ವೇದಿಕೆಗಳಲ್ಲಿ ಈ ಮಾತು ಮಂಗಳಾರತಿಯಷ್ಟೇ ಕಡ್ಡಾಯವಾಗಿಬಿಟ್ಟಿದೆ. ಒಂದು ನಾಯಿ, ಒಂದಿಷ್ಟು ಮಳೆ, ಮಾತು ಮಾತಿಗೂ ನಗಿಸುವ ಹಳ್ಳಿಗ, ಜೊತೆಗೆ ಪೇಟೆಯ ನೌಕರಿ ಬಿಟ್ಟು ಮಣ್ಣಿಗೆ ಮರಳಿ ‘ತನ್ನ ದಾರಿ ಕಂಡುಕೊಂಡ’ ಒಬ್ಬ ಲೇಖಕ: ಇಷ್ಟು ಒದಗಿದರೆ ಸಾಕು, ಮುನ್ನುಡಿಕಾರರು ‘ತೇಜಸ್ವಿ ಪರಂಪರೆ’ ಎಂಬ ಮುದ್ರೆ ಒತ್ತಿ ಕೈತೊಳೆದುಕೊಳ್ಳುತ್ತಾರೆ. ಇನ್ನೂ ಸ್ವಲ್ಪ ಓದಿಕೊಂಡವರಾದರೆ ಯಾರ್ಕ್‌ಶೈರಿನ ಪಶುವೈದ್ಯ ಜೇಮ್ಸ್ ಹೆರಿಯಟ್‌ನನ್ನೂ ಎಳೆದು ತಂದು, ಕನ್ನಡದ ಹೆರಿಯಟ್ ಸಿಕ್ಕ ಎನ್ನುತ್ತಾರೆ.

ದೊಡ್ಡಬಳ್ಳಾಪುರದ ಸುತ್ತ ದನ ಕಟ್ಟಿದವರ ನಡುವೆ ಬೆಳೆದವನಿಗೆ ಇಂಥ ಪುಸ್ತಕ ಕೈಗೆ ಬಂದಾಗ ಮೊದಲು ಏಳುವ ಪ್ರಶ್ನೆ ಬೇರೆ. ಈ ಲೇಖಕರ ಕೊಟ್ಟಿಗೆಯಲ್ಲಿ ಹಸು ಕರು ಹಾಕುತ್ತದೆ. ಇಡೀ ಅಧ್ಯಾಯ ಅದರ ಮೇಲೆಯೇ. ಮಧ್ಯರಾತ್ರಿ, ಲಾಟೀನು, ಗಿಣ್ಣುಹಾಲು, ಮಕ್ಕಳ ಕಣ್ಣಲ್ಲಿ ಬೆರಗು. ಸರಿ, ಕರು ಹೆಣ್ಣೋ ಗಂಡೋ? ಈ ಪುಸ್ತಕಗಳಲ್ಲಿ ಹುಟ್ಟುವುದೆಲ್ಲ ಹೆಣ್ಣುಕರುವೇ. ಸೀಮೆಹಸು ಗಂಡು ಹಾಕಿದರೆ ನಮ್ಮ ಕಡೆ ಮನೆಮಂದಿಯ ಮುಖ ಹೇಗಾಗುತ್ತದೆ, ಡೇರಿಗೆ ಹಾಕಬೇಕಾದ ಹಾಲಿನಲ್ಲಿ ಅದಕ್ಕೆ ಎಷ್ಟು ಬಿಡುತ್ತಾರೆ, ಆಮೇಲೆ ಒಂದು ದಿನ ಅದು ಕಾಣದೇ ಹೋದಾಗ ಯಾರೂ ಯಾಕೆ ಕೇಳುವುದಿಲ್ಲ, ಇವನ್ನು ಬರೆದರೆ ಮನಸ್ಸು ಹಗುರಾಗುವುದಿಲ್ಲ. 2021ರಿಂದ ಜಾರಿಯಲ್ಲಿರುವ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಆ ಕರುವಿನ ದಾರಿಯನ್ನು ಇನ್ನಷ್ಟು ಮುಚ್ಚಿತು. ಮರುವರ್ಷ ಸರ್ಕಾರ ಗೋಶಾಲೆಯ ದನಗಳನ್ನು ದತ್ತು ಪಡೆಯುವ ಯೋಜನೆ ತಂದು ಅದಕ್ಕೆ ‘ಪುಣ್ಯಕೋಟಿ’ ಎಂದು ಹೆಸರಿಟ್ಟಿತು. ಮನ ಮುಟ್ಟುವ ಕಥೆಗೆ ಇಲಾಖೆಯೊಳಗೂ ಎಷ್ಟು ಗಿರಾಕಿ ಇದೆ ನೋಡಿ.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನೇ ತೆಗೆದುಕೊಳ್ಳಿ. ಡಿಸೆಂಬರಿನ ಚಳಿಯಲ್ಲಿ ಹಳ್ಳಿಕಾರ್ ಜೋಡಿಗಳಿಗೆ ಕೊಂಬು ಹೆರೆದು, ಮೈತೊಳೆದು, ಶಾಮಿಯಾನ ಹಾಕಿ ನಿಲ್ಲಿಸುತ್ತಾರೆ. ಮನೆಮಗನಿಗಿಂತ ಹೆಚ್ಚು ಆರೈಕೆ ಮಾಡಿದವನೇ ಟವೆಲ್ಲಿನ ಕೆಳಗೆ ದಲ್ಲಾಳಿಯ ಬೆರಳು ಹಿಡಿದು ಲಕ್ಷಗಳ ಲೆಕ್ಕ ಹಾಕುತ್ತಾನೆ. ಪ್ರೀತಿಯೂ ನಿಜ, ಬೆರಳೂ ನಿಜ. ಇವೆರಡನ್ನೂ ಒಂದೇ ವಾಕ್ಯದಲ್ಲಿ ಹಿಡಿಯಬಲ್ಲವನನ್ನು ಮಾತ್ರ ನಾನು ಪ್ರಾಣಿಗಳ ಲೇಖಕ ಎಂದು ಒಪ್ಪುತ್ತೇನೆ.

ಗೊರೂರರನ್ನು ನಾನು ಎರಡೇ ಮಾತಿನಲ್ಲಿ ದಾಟಿಬಿಡುತ್ತೇನೆ. ಅನ್ಯಾಯ ಎನ್ನುವವರು ಎನ್ನಲಿ. 1930ರ ‘ಹಳ್ಳಿಯ ಚಿತ್ರಗಳು’ ಕನ್ನಡಿಗರಿಗೆ ಹಳ್ಳಿಯನ್ನು ಜಗುಲಿಯ ಮೇಲೆ ಕೂತು ನೋಡುವುದನ್ನು ಕಲಿಸಿತು. ಅಲ್ಲಿಂದ ಕಾಣುವಷ್ಟು ಚೆನ್ನಾಗಿಯೇ ಕಾಣುತ್ತದೆ. ಮೂರೇ ವರ್ಷಕ್ಕೆ, 1933ರಲ್ಲಿ, ಕಾರಂತರ ‘ಚೋಮನ ದುಡಿ’ ಬಂತು. ಮುದದ ಕಥೆಗೆ ಬೇಕಾದ ಸರಂಜಾಮೆಲ್ಲ ಅದರಲ್ಲಿದೆ. ಜೋಡಿ ಎತ್ತುಗಳಿವೆ, ನಾಯಿ ಇದೆ, ಊರಿದೆ, ಜೀವನವಿಡೀ ಬೇಸಾಯವೇ ತನ್ನ ಕಸುಬಾಗಲಿ ಎಂದು ಹಂಬಲಿಸುವ ಮನುಷ್ಯನಿದ್ದಾನೆ. ಅವನಿಗೆ ನೆಲ ಮಾತ್ರ ಸಿಗುವುದಿಲ್ಲ, ಏಕೆಂದರೆ ಅವನ ಜಾತಿಯವರು ಬೇಸಾಯ ಮಾಡಕೂಡದು. ‘ನಿಮ್ಮ ಒಳದನಿಗೆ ಓಗೊಡಿ, ದಾರಿ ತೆರೆಯುತ್ತದೆ’ ಎಂದು ಉಪದೇಶಿಸುವ ಎಲ್ಲ ಪುಸ್ತಕಗಳಿಗೂ ಕನ್ನಡ ಅಷ್ಟು ಹಿಂದೆಯೇ ಉತ್ತರ ಕೊಟ್ಟಿತ್ತು.

ಈಗ ತೇಜಸ್ವಿ. ‘ಪರಿಸರದ ಕಥೆ’ಯನ್ನು ಕಂಬಳಿ ಹೊದ್ದು ಓದುವ ಪುಸ್ತಕ ಎನ್ನುವವರು ಅದೇ ಪುಸ್ತಕದ ‘ಕಿವಿಯೊಡನೆ ಒಂದು ದಿನ’ದಲ್ಲಿ ಲೇಖಕರ ಕೈಯಲ್ಲಿ ಕೋವಿ ಇರುವುದನ್ನು ಮರೆತಿರುತ್ತಾರೆ. ಕಿವಿ ಮುದ್ದಿನ ನಾಯಿಯೂ ಹೌದು, ಶಿಕಾರಿಯ ನಾಯಿಯೂ ಹೌದು. ಆದರೆ ನನ್ನ ತಕರಾರು ನಿಜವಾಗಿ ನಿಲ್ಲುವುದು 1980ರ ‘ಕರ್ವಾಲೊ’ ಕಾದಂಬರಿಯ ಮೇಲೆ. ಅದನ್ನು ‘ಹುಟ್ಟು ಪ್ರತಿಭೆಗೆ ಗುರು ಸಿಕ್ಕ ಕಥೆ’ ಎಂದು ಕಾಲೇಜುಗಳಲ್ಲಿ ಪಾಠ ಮಾಡುತ್ತಾರೆ. ಹಾಗಾದರೆ ಆ ‘ಪ್ರತಿಭೆ’, ಹಳ್ಳಿಯ ಮಂದಣ್ಣ, ಏನು ಕೇಳುತ್ತಾನೆ? ಕಾಡಿನ ಹುಳಹುಪ್ಪಟೆಯನ್ನೆಲ್ಲ ಬಲ್ಲ, ಹಾರುವ ಓತಿಯನ್ನು ಕಣ್ಣಾರೆ ಕಂಡ ಅವನಿಗೆ ಬೇಕಿರುವುದು ಒಂದು ನೌಕರಿ, ಒಂದು ಮದುವೆ. ಅವನ ಪ್ರತಿಭೆ ಗೊತ್ತಿರುವುದು ವಿಜ್ಞಾನಿ ಕರ್ವಾಲೊ ಒಬ್ಬರಿಗೇ. ಮಂದಣ್ಣನಿಗೆ ಅದು ಗೊತ್ತೂ ಇಲ್ಲ, ಗೊತ್ತಾದರೂ ಅದರಿಂದ ಹೆಣ್ಣು ಸಿಗುವುದಿಲ್ಲ. ಅವನು ಕಳ್ಳಭಟ್ಟಿ ಕೇಸಿನಲ್ಲಿ ಸಿಕ್ಕಿಕೊಳ್ಳುತ್ತಾನೆ. ಇತ್ತ ಕಥೆ ಹೇಳುವ ‘ನಾನು’ ಕೃಷಿಯ ತಾಪತ್ರಯಕ್ಕೆ ರೋಸಿ ಜಮೀನು ಮಾರಿಬಿಡುವ ಯೋಚನೆಯಲ್ಲಿದ್ದಾನೆ. ಮಣ್ಣಿಗೆ ಮರಳಿದವನ ಆದರ್ಶ ಅಂದರೆ ಇದೇ! ಕೊನೆಯಲ್ಲಿ ಓತಿ ಯಾರ ಕೈಗೂ ದಕ್ಕದೆ ಕಣಿವೆಗೆ ತೇಲಿಹೋಗುತ್ತದೆ. ಕಾದಂಬರಿಯಲ್ಲಿ ಯಾರಿಗೂ ಯಾವ ಪದವಿಪ್ರದಾನವೂ ಆಗುವುದಿಲ್ಲ.

ನಗು ಇದೆಯಲ್ಲ ಎನ್ನುತ್ತೀರಿ. ಇದೆ, ಹೊಟ್ಟೆ ಹುಣ್ಣಾಗುವಷ್ಟಿದೆ. ಆ ನಗು ಹಳ್ಳಿಗನ ಪೆದ್ದುತನದಿಂದ ಬಂದದ್ದು ಎಂದು ತಿಳಿದವರೇ ಮುದದ ಪುಸ್ತಕಗಳನ್ನು ಬರೆಯಲು ಕೂರುತ್ತಾರೆ. ತೇಜಸ್ವಿಯವರಲ್ಲಿ ಹೆಚ್ಚು ನಗೆಪಾಟಲಾಗುವವನು ಓದಿಕೊಂಡ ನಿರೂಪಕನೇ: ಓತಿಯ ಹಿಂದೆ ಹೊರಟವನು, ಇಲ್ಲದ ತಾಪತ್ರಯಗಳನ್ನೆಲ್ಲ ಮೈಮೇಲೆ ಎಳೆದುಕೊಳ್ಳುವವನು. ಗಂಡುಕರುವಿನ ಪ್ರಶ್ನೆಯನ್ನು ನೀವು ತೇಜಸ್ವಿಯವರಿಗೂ ಕೇಳಬೇಕಲ್ಲವೇ ಎಂದು ಗೆಳೆಯರೊಬ್ಬರು ಕುಟುಕಿದರು. ಕೇಳುವುದಿಲ್ಲ. ಇಷ್ಟು ಕೊಟ್ಟವರಿಗೆ ನನ್ನ ಅಳತೆಗೋಲು ಸ್ವಲ್ಪ ಬಾಗಿದರೂ ಅಡ್ಡಿಯಿಲ್ಲ.

ಇದು ಬರೀ ಪುಸ್ತಕಗಳ ಜಗಳವಾಗಿದ್ದರೆ ಇಷ್ಟು ಶಾಯಿ ಖರ್ಚು ಮಾಡುತ್ತಿರಲಿಲ್ಲ. ನಂದಿಬೆಟ್ಟದ ತಪ್ಪಲಿನಲ್ಲಿ ಕಾಲೆಕರೆ, ಅರ್ಧ ಎಕರೆ ತುಂಡು ಮಾಡಿ ಮಾರುವ ಲೇಔಟಿನವರ ಕರಪತ್ರವನ್ನು ಒಮ್ಮೆ ಓದಿ ನೋಡಿ. ಅದರ ಗದ್ಯವೂ ಈ ಪುಸ್ತಕಗಳ ಗದ್ಯವೂ ಒಂದೇ ಕೈಯದು: ಹಸು, ಹಕ್ಕಿ, ನೆಮ್ಮದಿ, ಬೇರುಗಳಿಗೆ ಮರಳಿ. ಯಾರ ಬೇರು? ರಾಗಿ ಹೊಲ ಮಾರಿದವನ ಮಗ ಅದೇ ಗೇಟಿನಲ್ಲಿ ಸೆಕ್ಯುರಿಟಿ ಯೂನಿಫಾರ್ಮ್ ತೊಟ್ಟು ಕಾರುಗಳ ನಂಬರ್ ಬರೆದುಕೊಳ್ಳುತ್ತಾನೆ. ಒಂದು ಥರದಲ್ಲಿ ಅವನೂ ಮಂದಣ್ಣನೇ, ನೌಕರಿ ಸಿಕ್ಕಿದ ಮಂದಣ್ಣ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 2022ರ ಏಪ್ರಿಲ್‌ನಿಂದ ಮೂರು ವರ್ಷಕ್ಕೂ ಮಿಕ್ಕಿ ಹದಿಮೂರು ಹಳ್ಳಿಗಳ ರೈತರು ಧರಣಿ ಕೂತರು. ಕೈಗಾರಿಕೆಗೆಂದು ಕೇಳಿದ್ದ 1,777 ಎಕರೆಯ ಸ್ವಾಧೀನವನ್ನು 2025ರ ಜುಲೈ 15ರಂದು ಸರ್ಕಾರ ಕೈಬಿಟ್ಟಿತು. ಕಸುಬನ್ನು ಹುಡುಕಿಕೊಂಡು ಹೊರಟವರ ಕಥೆ ಇದಲ್ಲ. ಇರುವ ಕಸುಬನ್ನು ಬಿಡೆವು ಎಂದವರದು. ಅವರ ನಡುವೆ ಮಾರಲು ಒಪ್ಪಿದವರೂ ಇದ್ದರು, ಥೇಟ್ ‘ಕರ್ವಾಲೊ’ದ ನಿರೂಪಕನ ಹಾಗೆ ರೋಸಿಹೋದವರು. ತೇಜಸ್ವಿ ಇದ್ದಿದ್ದರೆ ಕಾದಂಬರಿಯನ್ನು ಅವರಿಂದಲೇ ಶುರು ಮಾಡುತ್ತಿದ್ದರು ಎಂದು ನನ್ನ ಅಂದಾಜು. ನಮ್ಮ ಮುದದ ಲೇಖಕರು ಈ ಧರಣಿಯ ಬಗ್ಗೆ ಬರೆಯಲು ಹೊರಟರೆ ಒಂದು ಬೆಳಿಗ್ಗೆ ದೇವನಹಳ್ಳಿಯ ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ನಿಂತು ಬರಲಿ. ಅವರ ಓದುಗರು ಅಲ್ಲಿ ಸಾಲಿನಲ್ಲೇ ಸಿಗುತ್ತಾರೆ.